ದಣಿದ ನೆಲ, ಅವರೆ ಬೇರು ಮತ್ತು ಒಂದು ವೈರಸ್

ಡೆಲ್ ಮಾರ್‌ನ ನಮ್ಮ ಹಿತ್ತಲಲ್ಲಿ ಎರಡು ವರ್ಷ ಬೇಲಿ ತುಂಬ ಹಬ್ಬಿದ ಅವರೆ ಮೂರನೆಯ ವರ್ಷ ಹಳದಿಯಾಗಿ ಸೊರಗಿತು. ಬೇರು ಕಿತ್ತು ನೋಡಿದೆ. ಗಂಟುಗಳೇನೋ ಇದ್ದವು, ಉಗುರಿನಿಂದ ಸೀಳಿದರೆ ಒಳಗಿರಬೇಕಾದ ಕೆಂಪು ಇಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಬಿತ್ತುತ್ತಿದ್ದ ನಮ್ಮ ತಾತ ಇದ್ದಿದ್ದರೆ "ನೆಲಕ್ಕೆ ದಣಿವಾಗಿದೆ ಕಣೋ" ಅನ್ನುತ್ತಿದ್ದರೇನೋ.

ದಣಿವಿನ ಈ ಮಾತು ಫ್ರಾನ್ಸಿನಲ್ಲೂ ಇತ್ತು. ಅಲ್ಲಿ ವರ್ಷಗಟ್ಟಲೆ ಕುದುರೆ ಮೆಂತೆ ಬೆಳೆದ ಹೊಲಗಳು ಕೈಕೊಡುತ್ತಿದ್ದವು. ಬೇರುಗಂಟಿನ ಸೂಕ್ಷ್ಮಜೀವಿಗಳಿಂದಲೇ ಗಿಡಕ್ಕೆ ಗಾಳಿಯ ಸಾರಜನಕ ಸಿಗುತ್ತದೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ 1880ರ ದಶಕದಲ್ಲಿ ತೋರಿಸಿದ್ದರು. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಬ್ಯಾಕ್ಟೀರಿಯಾವನ್ನೇ ಕೊಲ್ಲುವ ವೈರಸ್, ಅಂದರೆ ಫೇಜ್, ಬೆಳಕಿಗೆ ಬಂದದ್ದು 1915 ಮತ್ತು 1917ರಲ್ಲಿ, ಟ್ವಾರ್ಟ್ ಹಾಗೂ ದೆರೆಲ್ ಅವರಿಂದ. 1923ರಲ್ಲಿ ಹಾಲೆಂಡಿನ ಗೆರೆಟ್ಸನ್ ಮತ್ತು ಸಂಗಡಿಗರು ಅದನ್ನು ಬೇರುಗಂಟಿನೊಳಗೇ ಕಂಡರು. 1930ರ ದಶಕದಲ್ಲಿ ದೆಮೊಲೋನ್ ಮತ್ತು ದ್ಯುನೆ ಎಂಬ ಫ್ರೆಂಚ್ ವಿಜ್ಞಾನಿಗಳು, ಕುದುರೆ ಮೆಂತೆಯ ಹೊಲ ದಣಿಯಲು ಇದೇ ಕಾರಣ ಎಂದರು.

ವಿಷಯ ಅಷ್ಟು ನೇರವಲ್ಲ. ಒಂದು ಫೇಜ್ ಎಲ್ಲ ಬ್ಯಾಕ್ಟೀರಿಯಾವನ್ನೂ ಮುಟ್ಟುವುದಿಲ್ಲ. ತನಗೆ ಒಗ್ಗಿದ ತಳಿಗೆ ಅಂಟಿಕೊಂಡು, ಒಳಹೊಕ್ಕು, ಹತ್ತಾರು ಪಟ್ಟು ಬೆಳೆದು ಅದನ್ನು ಒಡೆದು ಹೊರಬರುತ್ತದೆ. ಉಳಿದ ತಳಿಗಳು ಖಾಲಿಯಾದ ಜಾಗ ಹಿಡಿಯುತ್ತವೆ. ಹಾಗಾಗಿ ಬೇರಿನಲ್ಲಿ ಗಂಟು ಇದ್ದೇ ಇರುತ್ತದೆ. ಪ್ರಶ್ನೆ ಇರುವುದು ಗಂಟಿನೊಳಗೆ ಸೇರಿದವರು ದುಡಿಯುವವರೋ ಅಲ್ಲವೋ ಎಂಬುದರಲ್ಲಿ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಯಾನಿನಾ ಕ್ಲೆಚ್ಕೊವ್ಸ್ಕಾ 1950ರಲ್ಲಿ ಪ್ರಕಟಿಸಿದ ಕೆಲಸ ನನಗೆ ಎಲ್ಲಕ್ಕಿಂತ ಹಿಡಿಸಿತು: ಫೇಜ್ ದಾಳಿಯಿಂದ ಬದುಕುಳಿದ ಕ್ಲೋವರ್ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಸಾರಜನಕ ಕೊಡುವ ಶಕ್ತಿಯನ್ನೇ ಕಳೆದುಕೊಂಡಿದ್ದವು.

ಊರಿನ ರೈತರಿಗೆ ಇದು ದುಡ್ಡಿನ ಮಾತು. ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪೊಟ್ಟಣದಲ್ಲಿರುವ ತಳಿಯನ್ನು ಕೊಲ್ಲುವ ಫೇಜ್ ಮೊದಲೇ ಹೊಲದಲ್ಲಿದ್ದರೆ ಪೊಟ್ಟಣ ದಂಡವಾಗಬಹುದು.

ಅಂದ ಹಾಗೆ, ಗಂಟಿನ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟ. ಒಳಗೆ ಆಮ್ಲಜನಕ ಹೆಚ್ಚದಂತೆ ಕಾಯುತ್ತದೆ. ಕುದುರೆ ಮೆಂತೆಯ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಗುರುತಿಸುವುದೂ ಅದೇ ಬಳಗದ ಕಬ್ಬಿಣದ ಬಣ್ಣವಿರುವ ಪ್ರೋಟೀನಿನಿಂದ ಎಂದು 1991ರಲ್ಲಿ ತೋರಿಸಿದ್ದು ಇಲ್ಲೇ ಪಕ್ಕದ ಲಾ ಹೋಯಾದಲ್ಲಿ, ಯುಸಿ ಸ್ಯಾನ್ ಡಿಯೆಗೊದ ಹೆಲಿನ್ಸ್ಕಿ ತಂಡ.

ನನ್ನ ಅವರೆಗೆ ಹೊಡೆದದ್ದು ಫೇಜೋ, ಕಡಲ ಮಂಜಿನ ತಂಪೋ, ಪರೀಕ್ಷೆ ಮಾಡಿಸಿಲ್ಲ. ಈ ಸಲ ಬೇಲಿಯ ಇನ್ನೊಂದು ತುದಿಯಲ್ಲಿ ಬಿತ್ತಿದ್ದೇನೆ. ಹಳೆಯ ಪಾತಿಯ ಮಣ್ಣು ಅಲ್ಲಿಗೆ ಹೋಗಬಾರದೆಂದು ಗುದ್ದಲಿ ತೊಳೆಯುವಾಗ ಮನೆಯವರೆಲ್ಲ ನಗುತ್ತಾರೆ.