ಕೆರೆಗೆ ಬಿದ್ದ ಟ್ಯಾಂಕು

ಮೊನ್ನೆ ಶುಕ್ರವಾರ ರಾತ್ರಿ ನಾನು ಕೆರೆಗೆ ಬಿದ್ದು ಸತ್ತೆ.

ಗಾಬರಿ ಬೇಡ, ಸತ್ತಿದ್ದು ಲ್ಯಾಪ್‌ಟಾಪ್ ಒಳಗೆ. ಆಫೀಸಿನ ಗೆಳೆಯರು ಮೂರು ವಾರದಿಂದ ಜೀವ ತಿಂತಿದ್ರು, 'ಗುರು, ಒಂದ್ಸಲ ವರ್ಲ್ಡ್ ಆಫ್ ಟ್ಯಾಂಕ್ಸ್ ಆಡಿ ನೋಡು, ಆಮೇಲೆ ಮಾತಾಡು' ಅಂತ. ಡೌನ್‌ಲೋಡ್ ಮುಗಿಯುವಷ್ಟರಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಈ ಕಡೆ ಹದಿನೈದು ಜನ, ಆ ಕಡೆ ಹದಿನೈದು ಜನ, ಗಡಿಯಾರದಲ್ಲಿ ಹದಿನೈದು ನಿಮಿಷ. ಹೊಸಬರಿಗೆ ಕೊಡುವ ಹಳೇ ಗಾಡಿಗಳಲ್ಲಿ ನಾನು ಬ್ರಿಟಿಷರ ವಿಕರ್ಸ್ ಮೀಡಿಯಂ ಆರಿಸಿಕೊಂಡೆ. 1920ರ ದಶಕದ್ದು. ನೋಡೋಕೆ ಥೇಟ್ ಕಾಳು ತುಂಬಿಡುವ ತಗಡಿನ ಡಬ್ಬಿ. ಕೌಂಟ್‌ಡೌನ್ ಮುಗಿಯಿತು, ಎಲ್ಲರೂ ಗುಡ್ಡದ ಕಡೆ ಓಡಿದರು. ನನಗೆ ಇಳಿಜಾರಿನ ಕೆಳಗೆ ನೀರು ಕಾಣಿಸಿತು. ಕೊಟ್ಟೂರಿನಲ್ಲಿ ಹುಟ್ಟಿದವನಿಗೆ ನೀರು ಕಂಡರೆ ಕಾಲು ಅತ್ತಲೇ ಎಳೆಯುತ್ತೆ. ಹೋದೆ. ಗಾಡಿ ಜಾರಿತು. ಪರದೆ ಮೇಲೆ ಕೆಂಪಗೆ ಹತ್ತು ಸೆಕೆಂಡಿನ ಎಣಿಕೆ ಶುರುವಾಯಿತು. ರಿವರ್ಸ್ ಯಾವ ಕೀಲಿ ಅಂತ ಹುಡುಕುವುದರೊಳಗೆ ಎಣಿಕೆ ಮುಗಿದೇ ಹೋಯಿತು. ಶತ್ರುವಿನ ಒಂದು ಗುಂಡೂ ತಾಕಿರಲಿಲ್ಲ. ಹೆಡ್‌ಫೋನಿನಲ್ಲಿ ನಾಲ್ಕು ಜನ ಒಟ್ಟಿಗೆ ನಕ್ಕರು.

ಮರುದಿನ ಬೆಳಿಗ್ಗೆ ಊರಿಂದ ಅವ್ವನ ಫೋನು. 'ರಾತ್ರಿ ಯಾಕಪ್ಪ ಫೋನ್ ಎತ್ತಲಿಲ್ಲ?'

'ಟ್ಯಾಂಕಿನಾಗ ಇದ್ದೆವ್ವ.'

'ಟ್ಯಾಂಕಿನಾಗ? ತೊಳಿಯಾಕ ಇಳಿದಿದ್ದೇನು? ರಾತ್ರಿ ಹೊತ್ತಿನಾಗ ಯಾರು ತೊಳೀತಾರಪ್ಪ? ಮೋಟ್ರು ಆಫ್ ಮಾಡಿದ್ದೋ ಇಲ್ಲೋ?'

ನಕ್ಕು ಫೋನ್ ಇಟ್ಟೆ. ಆದರೆ ಅವ್ವ ಹೇಳಿದ್ದೇ ಸರಿ ಅನ್ನೋದು ಆಮೇಲೆ, ಶನಿವಾರ ಪೂರ್ತಿ ಅದನ್ನೇ ಓದುತ್ತಾ ಕೂತಾಗ ತಿಳಿಯಿತು. ಟ್ಯಾಂಕ್ ಅಂದರೆ ಮೊದಲು ನೀರೇ. ಯುದ್ಧದ ಗಾಡಿ ಆ ಹೆಸರನ್ನು ಆಮೇಲೆ ಕದ್ದಿದ್ದು, ಅದೂ ಸುಳ್ಳು ಹೇಳೋಕೆ.

1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಿನ ಒಂದು ಕಾರ್ಖಾನೆಯಲ್ಲಿ, ಹೊಲ ಉಳುವ ಯಂತ್ರ ಮಾಡುತ್ತಿದ್ದವರೇ, ಕಂದಕ ದಾಟಿ ಹೋಗುವ ಉಕ್ಕಿನ ಗಾಡಿ ಕಟ್ಟುತ್ತಿದ್ದರು. ಗುಟ್ಟು ಹೊರಗೆ ಬೀಳಬಾರದಲ್ಲ? ಕೆಲಸಗಾರರಿಗೆ ಮೆಸೊಪೊಟೇಮಿಯಾದ ಮರಳುಗಾಡಿಗೆ ನೀರು ಸಾಗಿಸುವ ಗಾಡಿ ಅಂತ ಹೇಳಿದರು. ಕೆಲವು ಗಾಡಿಗಳ ಮೇಲೆ ಪೆಟ್ರೊಗ್ರಾಡಿಗೆ ಹೋಗುವ ಸರಕು ಅಂತ ರಷ್ಯನ್ ಅಕ್ಷರದಲ್ಲಿ ಬರೆದರು. ನೀರಿಗೆ ಸಂಬಂಧಪಟ್ಟ ಮೂರ್ನಾಲ್ಕು ಹೆಸರು ತೂಗಿ ನೋಡಿ, ಚಿಕ್ಕದಾಗಿದೆ ಅಂತ 'ಟ್ಯಾಂಕ್' ಆರಿಸಿದರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅವು ಮೊದಲ ಸಲ ಮುಂದೆ ಸಾಗಿದವು. ಮುಂಚೂಣಿಗೆ ಕಳಿಸಿದ್ದು 49, ಹೊರಡುವ ಜಾಗಕ್ಕೆ ತಲುಪಿದ್ದು 32. ಉಳಿದವು ದಾರಿಯಲ್ಲೇ ಕೆಟ್ಟವು, ಇಲ್ಲಾ ಹೂತುಹೋದವು. ನನ್ನ ಶುಕ್ರವಾರದ ಸಾಧನೆ ಅಷ್ಟೇನೂ ಕಳಪೆ ಅಲ್ಲ ಅಂತ ಇದನ್ನು ಓದಿದಾಗ ಸ್ವಲ್ಪ ಸಮಾಧಾನ ಆಯ್ತು.

ಆ ಪದ ಇಂಗ್ಲಿಷಿಗೆ ಹೋಗಿದ್ದೇ ನಮ್ಮ ಕಡೆಯಿಂದ. ಗುಜರಾತಿ, ಮರಾಠಿಯಲ್ಲಿ ನೀರಿನ ತೊಟ್ಟಿಗೆ, ಕೊಳಕ್ಕೆ 'ಟಾಂಕೆ'ಯಂಥ ಮಾತುಗಳಿವೆ. ಪೋರ್ಚುಗೀಸರಲ್ಲೂ ಹೋಲುವ ಪದ ಒಂದಿತ್ತು. ಎರಡೂ ಬೆರೆತಿರಬೇಕು ಅಂತ ನಿಘಂಟುಗಳು ಹೇಳುತ್ತವೆ. ಕಂಪನಿ ಸರ್ಕಾರದ ಕಾಗದಗಳಲ್ಲಿ ನಮ್ಮ ಕೆರೆಗಳೆಲ್ಲ ಟ್ಯಾಂಕುಗಳೇ. ಇವತ್ತಿಗೂ ಕೆರೆಗೆ ಇಂಗ್ಲಿಷಿನಲ್ಲಿ ಅದೇ ಹೆಸರು.

ನಮ್ಮ ಪಕ್ಕದ ಹೊಸಪೇಟೆಗೇ ಬನ್ನಿ. 1520ರ ಆಸುಪಾಸು ಡೊಮಿಂಗೊ ಪಾಯೆಸ್ ಅನ್ನುವ ಪೋರ್ಚುಗೀಸ್ ಪ್ರವಾಸಿ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆ ನೋಡಿದ. ಅದು ಹೊಸಪೇಟೆಯ ದಕ್ಷಿಣಕ್ಕಿರುವ ರಾಯರ ಕೆರೆ ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಹದಿನೈದು ಇಪ್ಪತ್ತು ಸಾವಿರ ಜನ ಕೆಲಸಕ್ಕೆ ನಿಂತಿದ್ದರು ಅನ್ನುತ್ತಾನೆ. ಏರಿ ಎರಡು ಮೂರು ಸಲ ಒಡೆದು, ನಿಲ್ಲಲಿ ಅಂತ ಅರವತ್ತು ಮಂದಿಯ ತಲೆ ತೆಗೆಸಿದರು ಅಂತಲೂ ಬರೆದಿದ್ದಾನೆ. ಎಷ್ಟು ನಿಜವೋ, ಅವನ ಕಿವಿಗೆ ಬಿದ್ದದ್ದೆಷ್ಟೋ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನು ಕೊಟ್ಟ ಅಳತೆ. ಆ ಕೆರೆಯ ಅಗಲ ಎಷ್ಟು? ಒಂದು ಸಣ್ಣ ಫಿರಂಗಿಯ ಗುಂಡು ಹೋಗಿ ಬೀಳುವಷ್ಟು! ಕೆರೆಯನ್ನು ತೋಪಿನಿಂದ ಅಳೆದ ಪುಣ್ಯಾತ್ಮ. ರಾಬರ್ಟ್ ಸಿವೆಲ್ 1900ರಲ್ಲಿ ಇದನ್ನು ಇಂಗ್ಲಿಷಿಗೆ ತಂದಾಗ ಕೆರೆಗೆ ಹಾಕಿದ ಪದ ಟ್ಯಾಂಕ್. ಆಗ ಆ ಪದಕ್ಕಿನ್ನೂ ತೋಪು ಹತ್ತಿರಲಿಲ್ಲ. ಬರೀ ಹದಿನಾರು ವರ್ಷ ಬಾಕಿ ಇತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕಿನ ಹಣೆಬರಹದಲ್ಲಿ ಕೆರೆ ಮತ್ತು ಸೈನ್ಯ ಎರಡೂ ಒಟ್ಟಿಗೇ ಬರುತ್ತವೆ. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನೆಲ್ಲ ಕಂಪನಿಗೆ ಬಿಟ್ಟುಕೊಟ್ಟ. ಯಾಕೆ? ಅವನ ರಕ್ಷಣೆಗೆ ಅಂತ ಇಟ್ಟ ಕಂಪನಿಯ ಪಡೆಯ ಖರ್ಚಿಗೆ! ಅಂದರೆ ನಮ್ಮೂರು, ನಿಮ್ಮೂರು, ಅವುಗಳ ಕೆರೆ, ಕೆರೆ ಹಿಂದಿನ ಗದ್ದೆ ಎಲ್ಲಾ ಸಿಪಾಯಿಗಳ ಸಂಬಳಕ್ಕೆ ಹೋದವು. ಇಲ್ಲಿಗೆ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. ಕೆರೆ ಕಟ್ಟಿದವನಿಗೆ, ನೋಡಿಕೊಂಡವನಿಗೆ ಜಮೀನು ಬಿಟ್ಟುಕೊಡುವ ಹಳೇ ಪದ್ಧತಿ ಈ ಸೀಮೆಯಲ್ಲಿತ್ತು. ಕಟ್ಟುಗೊಡಗೆ, ದಶವಂದ ಅಂತ ಶಾಸನಗಳಲ್ಲಿ ಓದಿರುತ್ತೀರಿ. ಹೂಳು ತೆಗೆಯುವ ಕೆಲಸಕ್ಕೂ ಹೊಟ್ಟೆಪಾಡಿಗೂ ಗಂಟು ಹಾಕಿದ ವ್ಯವಸ್ಥೆ ಅದು. ಆ ಗಂಟು ಸಡಿಲವಾಗುತ್ತಾ ಬಂತು. 1876ರಿಂದ 78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿ ಇತ್ತು. ಆ ಬರಕ್ಕೆ ಮಳೆ ಬರಲಿಲ್ಲ ಅನ್ನೋದು ಒಂದೇ ಕಾರಣ ಅಂತ ನನಗಂತೂ ಅನ್ನಿಸೋದಿಲ್ಲ.

ಯುದ್ಧದ ಟ್ಯಾಂಕು ಪರದೆ ಮೇಲೆ ಬಂದ ಕಥೆ ಚಿಕ್ಕದು. 1980ರಲ್ಲಿ ಅಟಾರಿ ಕಂಪನಿ 'ಬ್ಯಾಟಲ್‌ಜೋನ್' ಅಂತ ಟ್ಯಾಂಕಿನ ಆಟ ತಂದಿತು. ಅಮೆರಿಕದ ಸೈನ್ಯಕ್ಕೆ ಅದು ಹಿಡಿಸಿಬಿಟ್ಟಿತು, ತರಬೇತಿಗೆ ಬದಲಾಯಿಸಿ ಕೊಡಿ ಅಂದಿತು. ಆಟ ಬರೆದ ಎಡ್ ರಾಟ್‌ಬರ್ಗ್‌ಗೆ ಮನಸ್ಸಿರಲಿಲ್ಲ, ಕೊನೆಗೆ ಮಾಡಿಕೊಟ್ಟ. ಅದೇ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಬೇರೆ ಬೇರೆ ಊರುಗಳ ಅಣಕು ಟ್ಯಾಂಕುಗಳನ್ನು ಒಂದೇ ಜಾಲಕ್ಕೆ ಜೋಡಿಸಿ ಸೈನಿಕರನ್ನು ಕೂರಿಸಿತು. ಸಿಮ್‌ನೆಟ್ ಅಂತ ಅದರ ಹೆಸರು. ನಾವು ಶುಕ್ರವಾರ ರಾತ್ರಿ ಬಿರಿಯಾನಿ ತಿಂತಾ ಆಡುವುದರ ಅಜ್ಜ ಅದು. ವರ್ಲ್ಡ್ ಆಫ್ ಟ್ಯಾಂಕ್ಸ್ ಬಂದದ್ದು 2010ರಲ್ಲಿ, ಮೊದಲು ರಷ್ಯಾದಲ್ಲಿ.

ಈ ಆಟದ ಹತ್ತನೇ ಹಂತದಲ್ಲಿ ಒಂದು ಪ್ಯಾಟನ್ ಟ್ಯಾಂಕ್ ಇದೆ. ಅಲ್ಲಿಗೆ ತಲುಪೋಕೆ ನನಗೆ ಇನ್ನೂ ಎಷ್ಟು ಶುಕ್ರವಾರ ಬೇಕೋ. ನಿಜವಾದ ಪ್ಯಾಟನ್‌ಗಳು 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್‌ಕರಣ್ ದಾಟಿ ಬಂದಿದ್ದವು. ಆಗಿನ ಕಾಲಕ್ಕೆ ನಮ್ಮವರ ಷರ್ಮನ್‌ಗಳಿಗಿಂತ ಎಷ್ಟೋ ಮುಂದಿದ್ದ ಗಾಡಿಗಳು. ಅಸಲ್ ಉತ್ತರ್ ಅನ್ನುವ ಹಳ್ಳಿಯ ಹತ್ತಿರ ನಮ್ಮ ಸೈನ್ಯ ಕಬ್ಬಿನ ಗದ್ದೆಗಳಲ್ಲಿ ಅವಿತು ಕೂತಿತು. ಅದಕ್ಕಿಂತ ಮೊದಲು ಹೊಲಗಳಿಗೆ ನೀರು ನುಗ್ಗಿಸಿತು. ಟನ್ನುಗಟ್ಟಲೆ ತೂಕದ ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಕೊಂಡವು. ಜೀಪಿಗೆ ಕಟ್ಟಿದ ತೋಪಿನಿಂದ ಅವನ್ನು ಒಂದೊಂದಾಗಿ ಹೊಡೆದ ಅಬ್ದುಲ್ ಹಮೀದ್ ಅಲ್ಲೇ ತೀರಿಕೊಂಡರು, ಪರಮವೀರ ಚಕ್ರ ಬಂತು. ಪಾಕಿಸ್ತಾನ 97 ಟ್ಯಾಂಕ್ ಕಳೆದುಕೊಂಡಿತು ಅನ್ನುವುದು ಭಾರತದ ಲೆಕ್ಕ. ಅಲ್ಲಿ ಷರ್ಮನ್ ಓಡಿಸಿದ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಮೂಲ ಹುಡುಕಿದರೆ ಸಿಗುವುದು 1790ರಲ್ಲಿ ಹೈದರಾಬಾದ್ ನಿಜಾಮನಿಗಾಗಿ ಕಟ್ಟಿದ ಕುದುರೆ ಪಡೆ. ಅದೇ ನಿಜಾಮ, ನಮ್ಮ ಕೆರೆಗಳನ್ನು ಬಿಟ್ಟುಕೊಟ್ಟವನು.

ನೀರಿನಲ್ಲಿ ಟ್ಯಾಂಕ್ ಸಾಯುತ್ತೆ ಅಂತ ಆಟ ಕಟ್ಟಿದವರು ಸುಮ್ಮನೆ ಬರೆದಿಲ್ಲ.

ಮುಂದಿನ ಶುಕ್ರವಾರ ಮತ್ತೆ ಕೂತೆ. ಈ ಸಲ ನೀರಿನ ತಂಟೆಗೆ ಹೋಗಲಿಲ್ಲ. ಒಂದು ದಿಬ್ಬದ ಹಿಂದೆ ನಿಂತು, ಮೈಯೆಲ್ಲ ಮರೆ ಮಾಡಿ ಬರೀ ತೋಪಿನ ತಲೆ ಹೊರಗೆ ಹಾಕಿದೆ. 'ಲೋ, ಹಲ್ ಡೌನ್! ಯಾರ್ ಹೇಳ್ಕೊಟ್ರೋ ನಿಂಗೆ?' ಅಂತ ಗೆಳೆಯ ಕೂಗಿದ. ಯಾರೂ ಹೇಳಿಕೊಟ್ಟಿರಲಿಲ್ಲ. ಊರ ಕೆರೆ ಏರಿ ಹಿಂದೆ ಕೂತು ತಲೆಯಷ್ಟೇ ಎತ್ತಿ ಕಣ್ಣಾಮುಚ್ಚಾಲೆ ಆಡಿದವರಿಗೆ ಇದು ಹೊಸದಲ್ಲ. ಬೇಸಿಗೆಯಲ್ಲಿ ಅದೇ ಕೆರೆಯ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದೆವು, ಪಿಚ್ ಒಣಗಿ ಬಿರುಕು ಬಿಟ್ಟಿರುತ್ತಿತ್ತು, ಸ್ಪಿನ್ನರ್‌ಗಳಿಗೆ ಹಬ್ಬ. ಕೆರೆ ಅಂದರೆ ಕ್ರಿಕೆಟ್ ಮೈದಾನ ಅಂತಲೇ ತಿಳಿದು ಬೆಳೆದ ಪೀಳಿಗೆ ನಮ್ಮದು, ಇದರಲ್ಲಿ ಹೆಮ್ಮೆ ಏನಿಲ್ಲ. ಆ ರಾತ್ರಿ ಎರಡು ಗಾಡಿ ಹೊಡೆದೆ. ಮೂರನೆಯದು ನನ್ನನ್ನು ಹೊಡೆಯಿತು.

ಭಾನುವಾರ ಅವ್ವನಿಗೆ ಫೋನ್ ಮಾಡಿ ಈ ಪುರಾಣವೆಲ್ಲ ಹೇಳಿದೆ. ರಾಯರ ಕೆರೆ, ಪೋರ್ಚುಗೀಸನ ಫಿರಂಗಿ, ಲಿಂಕನ್ ಊರಿನ ಸುಳ್ಳು. ಪಂಜಾಬಿನ ಹೊಲಕ್ಕೆ ನೀರು ಬಿಟ್ಟ ಕಥೆ ಮಾತ್ರ ಗಮನ ಕೊಟ್ಟು ಕೇಳಿದಳು.

'ಅಷ್ಟು ನೀರು ಎಲ್ಲಿಂದ ತಂದ್ರಪ್ಪ?'

'ಕಾಲುವೆ ಇತ್ತವ್ವ ಅಲ್ಲಿ.'

'ಹೂಂ. ಅವರಿಗೆ ಕಾಲುವೆ ಐತಿ.' ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರೆ ನೀರು ತರುವ ಯೋಜನೆ ವಿಷಯ ತೆಗೆಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಬೀದಿಯಲ್ಲಿ ಏನೋ ಗದ್ದಲ, ಕೊಡಗಳ ಸದ್ದು.

'ನಳ ಬಂತು ನೋಡು, ಇಡ್ತೀನಿ. ಟ್ಯಾಂಕ್ ತುಂಬಿಸ್ಕಬೇಕು' ಅಂದಳು.