ಸಿದ್ದಿಗಳ ಚಿತ್ರ ಯಾರು ಬರೆದರು?

ವೀಕೆಂಡ್ ರಾಫ್ಟಿಂಗ್ ಅಂತ ನಾವು ಹೋಗ್ತೀವಲ್ಲ, ಆ ದಾಂಡೇಲಿ, ಜೊಯಿಡಾ, ಹಳಿಯಾಳದ ಕಾಡಂಚಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಸೇರಿದರು.

ನಮ್ಮ ಚರಿತ್ರೆಯಲ್ಲಿ ಆಫ್ರಿಕಾ ಮೂಲದವರ ಚಿತ್ರ ಬರೆದವರು ಹೆಚ್ಚಾಗಿ ಬೇರೆಯವರೇ. ಮಲಿಕ್ ಅಂಬರ್‌ನನ್ನೇ ತಗೊಳ್ಳಿ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರ ರಾಜ್ಯವನ್ನೇ ನಡೆಸಿದವನು. 1626ರಲ್ಲಿ ಅವನು ಸಾಯುವವರೆಗೂ ಮೊಘಲರಿಗೆ ತಲೆನೋವು. ಆದ್ರೆ 1616ರ ಸುಮಾರಿಗೆ ಅಬುಲ್ ಹಸನ್ ಬರೆದ ಚಿತ್ರದಲ್ಲಿ, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ಜಹಾಂಗೀರ್ ಬಾಣ ಬಿಡ್ತಿದ್ದಾನೆ! ಯುದ್ಧದಲ್ಲಿ ಆಗದ್ದನ್ನ ಬಾದಶಹ ಕುಂಚದಲ್ಲಿ ಮಾಡಿಸಿಕೊಂಡ.

ಸಿದ್ದಿ ಹೆಂಗಸರ ಕೈಯಲ್ಲಿದ್ದದ್ದು ಸೂಜಿ. ಆರ್ಟ್ ಸ್ಕೂಲ್ ಇಲ್ಲ, ಮನೆಯ ಹಿರಿಯರನ್ನ ನೋಡಿ ಕಲಿತದ್ದು. ಹಳೆ ಸೀರೆಯ ಮೇಲೆ ಮನೆಮಂದಿಯ ಹಳೆ ಬಟ್ಟೆಯ ತುಂಡು ಇಟ್ಟು, ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ. ಕ್ರೈಸ್ತರ ಕೌದಿಯಲ್ಲಿ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣೋದುಂಟು. ಮೂಲೆಗಳಿಗೆ ಮಡಚಿದ ಬಟ್ಟೆಯ ‘ಫೂಲ’ ಇಡ್ತಾರೆ. ಅದಿಲ್ಲದ ಕೌದಿ ಬೆತ್ತಲೆಯಂತೆ. ತೊಟ್ಟಿಲ ಮಗುವಿಗೂ ಪುಟ್ಟ ಕೌದಿ. ಮುಖವೇ ಇಲ್ಲದಿದ್ದರೂ ನನಗೆ ಇದೇ ಅವರ ನಿಜವಾದ ಭಾವಚಿತ್ರ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಪ್ರವೇಶಿಸಿದರು. ಆದರೂ ಆ ಕೌದಿ ಹೊದ್ದು ಬೆಳೆದ ಹುಡುಗ ಬೆಂಗಳೂರಿಗೆ ಬಂದ್ರೆ ‘ಯಾವ ದೇಶ?’ ಅಂತ ಇಂಗ್ಲಿಷಲ್ಲಿ ಕೇಳ್ತೀವಿ. ಅವನು ಕನ್ನಡದಲ್ಲೇ ಉತ್ತರ ಕೊಡ್ತಾನೆ.