ಬೇಸಿಗೆಗೆ ಬಂದವರು, ಮಳೆಗಾಲಕ್ಕೂ ಉಳಿದವರು

ಮೋಡವಿಲ್ಲದ ದಿನ ಅಜ್ಜಂಪುರದ ಕಡೆಯ ಹೊಲಗಳಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಬಾಬಾಬುಡನ್‌ಗಿರಿ ಸಾಲು ನೀಲಿ ಗೋಡೆಯಂತೆ ಕಾಣುತ್ತದೆ. ನಾವಿಲ್ಲಿ ಈರುಳ್ಳಿಗೆ ಒಂದು ಹದ ಮಳೆ ಬರಲಿ ಎಂದು ಕಾಯುವಾಗ, ಆ ಬೆಟ್ಟಗಳ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ಅದೇ ಸಾಲಿನಲ್ಲಿದೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ. ಎತ್ತರ 1434 ಮೀಟರ್.

ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಒಂದು ದಿನದ ಮಟ್ಟಿಗೆ ಹೋಗಿ ಬಂದವರು. ಬುತ್ತಿ ಕಟ್ಟಿಕೊಂಡು, ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯಲ್ಲಿ ವೀರಭದ್ರನಿಗೆ ಕೈಮುಗಿದು, ಮೇಲೆ ಹತ್ತಿ ಫೋಟೋ ತೆಗೆದು, ಸಂಜೆಗೆ ವಾಪಸ್. ಆದರೆ ಅಲ್ಲಿ ಬದುಕಿದವರು ಯಾರು? ಯಾವ ಕಾಲದಲ್ಲಿ?

ಕಾಲಕ್ಕೆ ತಕ್ಕಂತೆ ಜಾಗ ಬದಲಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇದೆಯಲ್ಲ, ಆ ದನಗಳ ಕಥೆಯೇ ಇದಕ್ಕೆ ಸಾಕ್ಷಿ. ಮೈಸೂರು ಅರಸರು, ಹೈದರ್, ಟಿಪ್ಪು ಕಾಲದಿಂದ ಸೈನ್ಯದ ಸಾಮಾನು ಎಳೆದ ತಳಿ ಇದು. ಇವುಗಳ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಎಲ್ಲಿ ಯಾವಾಗ ಹುಲ್ಲು, ನೀರು ಇರುತ್ತದೋ ಅಲ್ಲಿಗೆ ದನ ಹೊಡೆದುಕೊಂಡು ಹೋಗುತ್ತಿದ್ದರು.

ಅರಸರೂ ಹೀಗೆಯೇ ಜಾಗ ಬದಲಿಸುತ್ತಿದ್ದರು. ಮೈಸೂರು ಅರಸರಿಗೆ ಊಟಿಯಲ್ಲಿ ಫರ್ನ್‌ಹಿಲ್ ಅರಮನೆ ಇತ್ತು. ಆದರೆ ಊಟಿ ಇದ್ದದ್ದು ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿ. ತಮ್ಮದೇ ರಾಜ್ಯದೊಳಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಆರಿಸಿಕೊಂಡ ತಂಪು ಜಾಗಗಳಲ್ಲಿ ಕೆಮ್ಮಣ್ಣುಗುಂಡಿಯೂ ಒಂದು. ಅವರ ಗೌರವಕ್ಕೆಂದೇ ಬೆಟ್ಟಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರು ಬಂತು. ಮುಂದೆ ಅದು ಸರ್ಕಾರಕ್ಕೆ ಸೇರಿ, ತೋಟಗಾರಿಕೆ ಇಲಾಖೆ ಹೂದೋಟ ಬೆಳೆಸಿತು. ರಾಜಭವನ ಈಗಲೂ ಅಲ್ಲಿದೆ.

ಇಷ್ಟನ್ನು ಪ್ರವಾಸಿ ಪುಸ್ತಕಗಳೂ ಹೇಳುತ್ತವೆ. ಆದರೆ ಊರಿನ ಹಳೆಯ ಹೆಸರನ್ನು ಬಿಡಿಸಿ ಓದಿ: ಕೆಂಪು, ಮಣ್ಣು, ಗುಂಡಿ. ಕಬ್ಬಿಣದ ಅದಿರು ತುಂಬಿದ ಕೆಂಪು ನೆಲ ಅದು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ವಿಶ್ವೇಶ್ವರಯ್ಯನವರ ಶ್ರಮದ ಫಲ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ 1923ರಲ್ಲಿ ಉತ್ಪಾದನೆ ಶುರುವಾಯಿತು. ಕುಲುಮೆಗೆ ಬೇಕಾದ ಇದ್ದಿಲು ಮಲೆನಾಡಿನ ಕಾಡಿನ ಸೌದೆಯಿಂದ ಬಂತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಬೆಟ್ಟದಲ್ಲಿ ಅಗೆದ ಅದಿರು ತೊಟ್ಟಿಗಳಲ್ಲಿ ತುಂಬಿಕೊಂಡು, ಉಕ್ಕಿನ ಹಗ್ಗದ ಮೇಲೆ ತೂಗುತ್ತಾ ಕೆಳಗಿಳಿಯುತ್ತಿತ್ತು. ಅಲ್ಲಿಂದ ಸಣ್ಣ ಟ್ರಾಮ್ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು.

ಅಂದರೆ ಒಂದೇ ಬೆಟ್ಟದಲ್ಲಿ ಎರಡು ಬದುಕು ನಡೆದಿವೆ. ಒಂದು, ಬಿಸಿಲು ತಪ್ಪಿಸಿಕೊಳ್ಳಲು ಬಂದವರದು. ಇನ್ನೊಂದು, ಕೂಲಿಗಾಗಿ ಬಂದವರದು.

ಬೇಸಿಗೆಯಲ್ಲಿ ಕೆಮ್ಮಣ್ಣುಗುಂಡಿ ಯಾರಿಗಾದರೂ ಚೆಂದ. ಕೆಳಗೆ ತರೀಕೆರೆ, ಕಡೂರಿನಲ್ಲಿ ನೆಲ ಕಾದಿದ್ದರೆ, ಮೇಲೆ ಸಂಜೆಯಾದರೆ ಸ್ವೆಟರ್ ಬೇಕು. ಜೂನ್ ಬಂದ ಮೇಲೆ ಕಥೆ ಬೇರೆ. ಬಟ್ಟೆ ಒಣಗುವುದಿಲ್ಲ, ಕಾಲಿಗೆ ಜಿಗಣೆ, ಎದುರಿನ ಮನುಷ್ಯ ಕಾಣದಷ್ಟು ಮಂಜು. ಗಾಳಿಯ ಸದ್ದಿಗೇ ನಿದ್ದೆ ಬರುವುದಿಲ್ಲ. ಆದರೆ ಹೂದೋಟಕ್ಕೆ ರಜೆ ಇಲ್ಲ. ಬೇಸಿಗೆಯಲ್ಲಿ ನಾವು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಹೂಗಿಡವನ್ನು ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಉಳಿಸಿಕೊಂಡವರು ಇದ್ದಾರೆ. ಮಳೆ ನಿಂತ ಮೇಲಿನ ದಿನಗಳು ಅವರ ಪಾಲಿನ ಸುಖ. ಹುಲ್ಲುಗಾವಲು ಹಸಿರಾಗಿ, ಹೆಬ್ಬೆ ಜಲಪಾತ ತುಂಬಿ, ದೂರದ ಬಯಲು ಸ್ಪಷ್ಟವಾಗಿ ಕಾಣುವ ಕಾಲ ಅದು. ಚಳಿಗಾಲದ ಬೆಳಿಗ್ಗೆ ಝಡ್ ಪಾಯಿಂಟ್‌ನಲ್ಲಿ ನಿಂತರೆ ಮೋಡ ನಮ್ಮ ಕಾಲ ಕೆಳಗಿರುತ್ತದೆ.

ಕೆಮ್ಮಣ್ಣುಗುಂಡಿ ಊಟಿಯಂತೆ ದೊಡ್ಡ ಪಟ್ಟಣ ಏಕಾಗಲಿಲ್ಲ ಎಂದು ಕೆಲವರು ಬೇಸರಪಡುತ್ತಾರೆ. ಊಟಿ ಮದ್ರಾಸ್ ಸರ್ಕಾರದ ಬೇಸಿಗೆ ರಾಜಧಾನಿಯಾಗಿತ್ತು. ಕಚೇರಿ ಬಂತು, ಶಾಲೆ ಬಂತು, ರೈಲೂ ಬಂತು. ಇಲ್ಲಿ ಇದ್ದದ್ದು ಒಂದು ಗಣಿ, ಒಂದು ತೋಟ, ಕೆಲವು ಅತಿಥಿಗೃಹ. ಪಕ್ಕದಲ್ಲೇ ಭದ್ರಾ ಅಭಯಾರಣ್ಯ. 1998ರಿಂದ ಅದು ಹುಲಿ ಯೋಜನೆಗೂ ಸೇರಿದೆ. ಈಗ ಗಣಿಯೂ ನಿಂತಿದೆ. ಪಟ್ಟಣ ಆಗದ್ದರಿಂದಲೇ ಶೋಲಾ ಕಾಡು ಉಳಿದಿದೆ, ತೊರೆಗಳಲ್ಲಿ ನೀರಿದೆ. ಕೆಳಗಿನ ನಮಗೆ ಇದು ನಷ್ಟವಲ್ಲ.

ನಷ್ಟ ಆಗುತ್ತಿರುವುದು ಬೇರೆಯದು. ಅರಸರ ಹೆಸರು ಫಲಕದಲ್ಲಿದೆ, ಅದು ಎಲ್ಲೂ ಹೋಗುವುದಿಲ್ಲ. ಅದಿರು ಅಗೆದವರ, ತೊಟ್ಟಿ ತುಂಬಿದವರ, ಗಿಡ ನೆಟ್ಟವರ ನೆನಪು ಮಾತ್ರ ಅವರೊಂದಿಗೇ ಹೋಗುತ್ತಿದೆ. ಲಿಂಗದಹಳ್ಳಿ, ತರೀಕೆರೆ, ಬೀರೂರು, ಅಜ್ಜಂಪುರ ಕಡೆಯ ನಿಮ್ಮ ಮನೆಗಳಲ್ಲಿ ಬೆಟ್ಟದಲ್ಲಿ ಕೆಲಸ ಮಾಡಿದ ಹಿರಿಯರಿದ್ದರೆ, ಇವತ್ತೇ ಕೂರಿಸಿಕೊಂಡು ಮಾತಾಡಿಸಿ. ಕೂಲಿ ಎಷ್ಟಿತ್ತು, ರೇಷನ್ ಎಲ್ಲಿಂದ ಬರುತ್ತಿತ್ತು, ಮಳೆಗಾಲದಲ್ಲಿ ಮಗುವಿಗೆ ಜ್ವರ ಬಂದರೆ ಏನು ಮಾಡುತ್ತಿದ್ದರು, ಕೇಳಿ. ಈ ಬರಹ ಓದುತ್ತಿರುವ ಫೋನಿನಲ್ಲೇ ರೆಕಾರ್ಡ್ ಮಾಡಬಹುದು.

ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಹೂವಿನ ಜೊತೆಗೆ ರಸ್ತೆ ಬದಿಯ ಕೆಂಪು ಮಣ್ಣನ್ನೂ ಒಮ್ಮೆ ನೋಡಿ ಬನ್ನಿ.